ಕುಲುಕುವ ಮೇಲಂತಸ್ತು: ಕಾರಣ, ಪರೀಕ್ಷೆ ಮತ್ತು ದುರಸ್ತಿ

ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಉತ್ತರ ಕರ್ನಾಟಕದ ಪೇಟೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಗೋಕಾಕ ಸೀಮೆಯ ಕೊಣ್ಣೂರಿನಂತಹ ಊರುಗಳಲ್ಲಿ ಹಿರಿಯರ ಕಾಲದ ಕಲ್ಲುಗೋಡೆಯ ಮನೆಗೆ ಹೊಂದಿಕೊಂಡಂತೆ ಒಂದು ಹೊಸ ಭಾಗವನ್ನು ಎಬ್ಬಿಸಿ, ಅದರ ಕೆಳಗಡೆ ವ್ಯಾಪಾರವನ್ನೂ ಮೇಲ್ಗಡೆ ಮಲಗುವ ಕೋಣೆಯನ್ನೂ ಮಾಡಿಕೊಳ್ಳುವುದು ಸಾಮಾನ್ಯ. ಕುಟುಂಬ ಬೆಳೆದಂತೆ ಮನೆ ಬೆಳೆಯುತ್ತದೆ; ವ್ಯಾಪಾರ ಬೆಳೆದಂತೆ ಮಲಗುವ ಕೋಣೆಯೇ ದಾಸ್ತಾನು ಕೋಣೆಯಾಗುತ್ತದೆ. ಹೀಗೆ ಕಟ್ಟಿದ ಮೇಲಂತಸ್ತಿನ ಬಗ್ಗೆ ಆಗಾಗ ಕೇಳಿಬರುವ ದೂರು ಒಂದೇ: ನಡೆದರೆ ನೆಲ ಕುಲುಕುತ್ತದೆ, ಕಪಾಟಿನಲ್ಲಿನ ಪಾತ್ರೆ ಸದ್ದು ಮಾಡುತ್ತದೆ, ಮಕ್ಕಳು ಓಡಿದರೆ ಕೆಳಗಿನ ಅಂಗಡಿಯಲ್ಲಿ ಧೂಳು ಉದುರುತ್ತದೆ.

ಈ ದೂರಿಗೆ ದೊರೆಯುವ ಉತ್ತರಗಳು ಎರಡು. ಗವಂಡಿಯು “ಏನೂ ಆಗುವುದಿಲ್ಲ, ಗರ್ಡರ್ ಗಟ್ಟಿಯಿದೆ” ಎನ್ನುತ್ತಾನೆ. ನೆರೆಯವರು “ಇಂದಲ್ಲ ನಾಳೆ ಬೀಳುತ್ತದೆ” ಎನ್ನುತ್ತಾರೆ. ಎರಡು ಮಾತುಗಳೂ ಅರ್ಧಸತ್ಯವಾಗಿವೆ. ಕುಲುಕುವ ನೆಲವು ಬೀಳುವ ನೆಲವೇ ಆಗಿರಬೇಕಿಲ್ಲ. ಕುಲುಕದ ನೆಲವು ಎಷ್ಟು ಭಾರವನ್ನಾದರೂ ಹೊರುತ್ತದೆ ಎಂದೂ ತಿಳಿಯಬಾರದು. ಈ ಭೇದವನ್ನು ಅರಿಯದೆ ಹಣ ಸುರಿಯುವುದರಿಂದ ಅನೇಕ ವೇಳೆ ದೋಷವು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಲ ಬೇರೆ, ಬಿಗಿತ ಬೇರೆ

ಒಂದು ತೊಲೆಯು ಮುರಿಯದೆ ಎಷ್ಟು ಭಾರ ಹೊರಬಲ್ಲದು ಎಂಬುದು ಅದರ ಬಲ. ಭಾರ ಬಿದ್ದಾಗ ಎಷ್ಟು ಬಾಗುತ್ತದೆ ಎಂಬುದು ಅದರ ಬಿಗಿತಕ್ಕೆ ಸಂಬಂಧಿಸಿದ್ದು. ಬಿದಿರಿನ ಗಳು ಮುರಿಯುವುದಿಲ್ಲ, ಆದರೆ ಬಾಗುತ್ತದೆ. ಶಹಾಬಾದಿ ಫರಸಿ ಬಾಗುವುದಿಲ್ಲ, ಆದರೆ ಒಮ್ಮೆಲೇ ಮುರಿಯುತ್ತದೆ. ನೆಲದ ಕುಲುಕಾಟವು ಮುಖ್ಯವಾಗಿ ಬಿಗಿತದ ಕೊರತೆ.

ಇದು ಹೊಸ ವಿಚಾರವಲ್ಲ. ಉದ್ದ ಹರವಿನ ತೊಲೆಗಳನ್ನು ಸಾಧ್ಯವಾದಷ್ಟು ಆಳವಾಗಿ ಮಾಡದಿದ್ದರೆ ಕೋಣೆಯಲ್ಲಿನ ವಸ್ತುಗಳೆಲ್ಲ ಅಲುಗದಂತೆ ನಡೆಯುವುದೇ ಕಷ್ಟವಾಗುತ್ತದೆ ಎಂದು ಇಂಗ್ಲೆಂಡಿನ ಎಂಜಿನಿಯರ್ ಥಾಮಸ್ ಟ್ರೆಡ್‌ಗೋಲ್ಡ್ 1828ರಲ್ಲಿಯೇ ಎಚ್ಚರಿಸಿದ್ದನು. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಕಟ್ಟಿದ ಮಿಲೇನಿಯಂ ಕಾಲುಸೇತುವೆಯನ್ನು 2000ದ ಜೂನ್ 10ರಂದು ತೆರೆದು, ಎರಡೇ ದಿನಗಳಲ್ಲಿ ಮುಚ್ಚಬೇಕಾಯಿತು. ಸೇತುವೆಗೆ ಬೀಳುವ ಭಯವಿರಲಿಲ್ಲ. ಜನರ ಹೆಜ್ಜೆಗೆ ಅದು ಪಕ್ಕಕ್ಕೆ ತೂಗಾಡತೊಡಗಿತ್ತು. ಕಂಪನವನ್ನು ಹೀರುವ ಸಾಧನಗಳನ್ನು ಜೋಡಿಸಿ 2002ರಲ್ಲಿ ಮತ್ತೆ ತೆರೆಯಲಾಯಿತು. ಕೊಣ್ಣೂರಿಗೆ ಸಮೀಪದ ಗೋಕಾಕ ಜಲಪಾತದ ಬಳಿ ಘಟಪ್ರಭೆಯ ಮೇಲಿರುವ, ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯಲ್ಲಿ ನಡೆದವರಿಗೆ ಇದರ ಅನುಭವವಿದೆ. ತೂಗುವುದು ತೂಗುಸೇತುವೆಯ ಧರ್ಮ. ಮಲಗುವ ಕೋಣೆಯ ಧರ್ಮವಲ್ಲ.

ಬಿಗಿತವನ್ನು ನಿರ್ಧರಿಸುವ ಸಂಗತಿಗಳಲ್ಲಿ ಎರಡನ್ನು ವರ್ತಕರೂ ನೆನಪಿಟ್ಟುಕೊಳ್ಳತಕ್ಕದ್ದು. ಮೊದಲನೆಯದು ಹರವು, ಅಂದರೆ ತೊಲೆಯ ಒಂದು ಆಧಾರದಿಂದ ಮತ್ತೊಂದು ಆಧಾರದವರೆಗಿನ ಅಂತರ. ಸಮನಾಗಿ ಹರಡಿದ ಭಾರದಡಿ ತೊಲೆಯ ಬಾಗು ಹರವಿನ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಹರವು ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟು! ಎರಡನೆಯದು ತೊಲೆಯ ಆಳ. ಆಯತಾಕಾರದ ಮರದ ತೊಲೆಯ ಅಗಲವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಎರಡು ಪಟ್ಟಾಗುತ್ತದೆ. ಆಳವನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟಾಗುತ್ತದೆ. ಹಳೆಯ ಬಡಿಗರು ಜಂತಿಯನ್ನು ಮಲಗಿಸದೆ ನಿಲ್ಲಿಸಿ ಕೂಡಿಸುತ್ತಿದ್ದುದರ ಮರ್ಮ ಇದೇ.

ಒಂದು ಕೋಣೆಯ ಲೆಕ್ಕ

ಈ ಭಾಗದ ಪೇಟೆಗಳಲ್ಲಿ ಕಾಣುವ ಮಾದರಿಯ ಒಂದು ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೋಣೆಯ ಉದ್ದ 4.8 ಮೀಟರ್ (16 ಫೂಟು), ಅಗಲ 3.6 ಮೀಟರ್ (12 ಫೂಟು). ಒಂದು ಕಡೆ ಹಳೆಯ ಮನೆಯ ಕಲ್ಲುಗೋಡೆ, ಅದರ ಎದುರಿಗೆ ಹೊಸ ಇಟ್ಟಿಗೆ ಗೋಡೆ. ಉಳಿದೆರಡು ಬದಿಗಳಲ್ಲಿ ಒಂದು ನೆರೆಯವರದು, ಇನ್ನೊಂದು ಕೇವಲ ನಾಲ್ಕೂವರೆ ಅಂಗುಲದ ಅಡ್ಡಗೋಡೆ. ಆದ್ದರಿಂದ ಗರ್ಡರ್‌ಗಳನ್ನು ಹಳೆಯ ಗೋಡೆಯಿಂದ ಹೊಸ ಗೋಡೆಗೆ, ಅಂದರೆ ಉದ್ದದ ದಿಕ್ಕಿಗೆ ಹಾಕಲಾಗಿದೆ. ಗರ್ಡರ್ ಐ.ಎಸ್.ಎಂ.ಬಿ. 150, ಅಂದರೆ ಆರು ಅಂಗುಲದ್ದು. ಒಂದರಿಂದೊಂದಕ್ಕೆ ಮೂರು ಫೂಟು ಅಂತರ. ಅದರ ಮೇಲೆ 40 ಮಿ.ಮೀ. ಫರಸಿ, ಅದರ ಮೇಲೆ ಮುರುಮು, ಗಾರೆ ಮತ್ತು ಹೆಂಚುಬಿಲ್ಲೆ ಸೇರಿ 75 ಮಿ.ಮೀ.

ಈ ನೆಲದ ಸ್ವಂತ ಭಾರವೇ ಪ್ರತಿ ಚದರ ಮೀಟರಿಗೆ ಸುಮಾರು 290 ಕಿಲೋ. ಆ ಭಾರದಿಂದ ಗರ್ಡರ್‌ನ ನಡುಮಧ್ಯೆ ಆಗುವ ಬಾಗು ಸುಮಾರು 12 ಮಿ.ಮೀ. ವಾಸದ ಕೋಣೆಗೆ 1987ರ ಐ.ಎಸ್. 875 (ಭಾಗ 2) ಗೊತ್ತುಪಡಿಸಿದ ಬಳಕೆಯ ಭಾರವು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಅದರಿಂದ ಆಗುವ ಹೆಚ್ಚಿನ ಬಾಗು ಸುಮಾರು 8.6 ಮಿ.ಮೀ. ಉಕ್ಕಿನ ಕಟ್ಟಡಗಳ ಸಂಹಿತೆಯಾದ 2007ರ ಐ.ಎಸ್. 800, ಬಿರುಕು ಬಿಡಬಹುದಾದ ನೆಲಗಳಿಗೆ ಹರವಿನ 360ರಲ್ಲಿ ಒಂದು ಭಾಗದವರೆಗೆ, ಇಲ್ಲಿ 13 ಮಿ.ಮೀ.ವರೆಗೆ, ಬಾಗನ್ನು ಒಪ್ಪುತ್ತದೆ. ಉಕ್ಕಿನ ಮೇಲಿನ ಒತ್ತಡವೂ ಚದರ ಮಿ.ಮೀ.ಗೆ 130 ನ್ಯೂಟನ್ನಿನಷ್ಟಿದ್ದು, ಸಾಂಪ್ರದಾಯಿಕ ಮಿತಿಯಾದ 165ಕ್ಕಿಂತ ಕಡಿಮೆಯೇ ಇದೆ. ಎಂದರೆ ಗವಂಡಿಯ ಮಾತು ನಿಜ. ವಾಸದ ಕೋಣೆಯಾಗಿ ಈ ನೆಲ ಬಲದಲ್ಲಿ ಕಡಿಮೆಯಿಲ್ಲ.

ಆದರೂ ಅದು ಕುಲುಕುತ್ತದೆ. ಕಾರಣವೇನೆಂದರೆ ಪ್ರತಿಯೊಂದು ನೆಲಕ್ಕೂ ತನ್ನದೇ ಆದ ಒಂದು ಕಂಪನ ಸಂಖ್ಯೆ ಇರುತ್ತದೆ. ಸ್ವಂತ ಭಾರದಿಂದ ಆಗುವ ಬಾಗನ್ನು ಮಿ.ಮೀ.ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲದಿಂದ 18ನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ನೆಲ ಮೇಲೆ ಕೆಳಗೆ ಆಡುತ್ತದೆ ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಇಲ್ಲಿ ಅದು ಸುಮಾರು 5.1. ಮನುಷ್ಯನು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ. ಆದರೆ ಹೆಜ್ಜೆಯ ಪೆಟ್ಟಿನಲ್ಲಿ ಅದರ ಎರಡು ಪಟ್ಟು, ಮೂರು ಪಟ್ಟು ವೇಗದ ಅಂಶಗಳೂ ಅಡಗಿರುತ್ತವೆ. ನಿಮಿಷಕ್ಕೆ ನೂರೆರಡು ಹೆಜ್ಜೆಯ ನಿಧಾನ ನಡಿಗೆಯ ಮೂರು ಪಟ್ಟು ಎಂದರೆ ಸೆಕೆಂಡಿಗೆ 5.1. ಜೋಕಾಲಿಯನ್ನು ಪ್ರತಿ ಸಲವೂ ನೂಕಬೇಕಿಲ್ಲ. ಮೂರು ಸಲಕ್ಕೊಮ್ಮೆ ಸರಿಯಾದ ಹೊತ್ತಿಗೆ ನೂಕಿದರೂ ಅದು ನಿಲ್ಲದೆ ಆಡುತ್ತಿರುತ್ತದೆ. ನೆಲದ ಕುಲುಕಾಟವೂ ಹೀಗೆಯೇ. ಯುರೋಪಿನ ಮರದ ಕಟ್ಟಡಗಳ ಸಂಹಿತೆಯು ವಾಸದ ನೆಲಗಳಿಗೆ ಸೆಕೆಂಡಿಗೆ 8 ಎಂಬುದನ್ನು ಗಡಿಯಾಗಿ ಹೇಳಿದ್ದು, ಅದಕ್ಕಿಂತ ಕೆಳಗಿನ ನೆಲಗಳನ್ನು ವಿಶೇಷವಾಗಿ ಪರೀಕ್ಷಿಸಬೇಕೆನ್ನುತ್ತದೆ. ಐ.ಎಸ್. 800ರಲ್ಲಿಯೂ ನೆಲದ ಕಂಪನಕ್ಕೆ ಒಂದು ಪ್ರತ್ಯೇಕ ಅನುಬಂಧವೇ ಇದೆ. ಆದರೆ ಗರ್ಡರ್ ಅಂಗಡಿಯಲ್ಲಿ ಆ ಅನುಬಂಧವನ್ನು ಕೇಳುವವರು ಯಾರು?

ಇದೇ ಕೋಣೆಯಲ್ಲಿ ಇವೇ ಗರ್ಡರ್‌ಗಳನ್ನು ಗಿಡ್ಡ ದಿಕ್ಕಿಗೆ, ಅಂದರೆ 3.6 ಮೀಟರ್ ಹರವಿಗೆ ಹಾಕಿದ್ದರೆ ಸ್ವಂತ ಭಾರದ ಬಾಗು ನಾಲ್ಕು ಮಿ.ಮೀ.ಗಿಂತ ಕಡಿಮೆಯಾಗಿ ಕಂಪನ ಸಂಖ್ಯೆ 9ಕ್ಕೆ ಏರುತ್ತಿತ್ತು. ದೂರಿಗೇ ಆಸ್ಪದವಿರುತ್ತಿರಲಿಲ್ಲ. ಅಡ್ಡಗೋಡೆಯನ್ನು ನಾಲ್ಕೂವರೆ ಅಂಗುಲದ ಬದಲು ಒಂಬತ್ತು ಅಂಗುಲಕ್ಕೆ ಕಟ್ಟಿ, ನೆರೆಯವರ ಬದಿಗೆ ತನ್ನದೇ ಗೋಡೆ ಎಬ್ಬಿಸುವ ಖರ್ಚು ಉಳಿಸಿದ್ದರ ಫಲವನ್ನು ಮೇಲಿನವರು ಪ್ರತಿ ಹೆಜ್ಜೆಗೂ ಉಣ್ಣುತ್ತಾರೆ. ಹೊಸದಾಗಿ ಕಟ್ಟಿಸುವವರು ಈ ಒಂದು ಸಂಗತಿಯನ್ನು ಗಮನಿಸಿದರೂ ಸಾಕು.

ದಾಸ್ತಾನು ಎಂಬ ನಿಜವಾದ ಅಪಾಯ

ಕುಲುಕಾಟಕ್ಕೆ ಹೆದರುವ ಮನೆಯವರು ಅದಕ್ಕಿಂತ ಹೆಚ್ಚಿನ ಅಪಾಯವನ್ನು ತಾವೇ ಮೇಲಕ್ಕೆ ಹೊತ್ತು ಸಾಗಿಸುತ್ತಾರೆ. ಕರದಂಟಿನ ಡಬ್ಬಿ ಕಟ್ಟುವ ಕೋಣೆ, ಬೆಲ್ಲದ ಪೆಂಟೆಗಳ ರಾಶಿ, ಸಕ್ಕರೆ ಚೀಲ, ಬಟ್ಟೆಯ ಗಂಟು, ಬಣ್ಣದ ಡಬ್ಬಿ, ಹಬ್ಬದ ಹಂಗಾಮಿಗೆಂದು ಮುಂಚಿತವಾಗಿ ತರಿಸಿದ ಮಾಲು. ಇವೆಲ್ಲ ಕೆಳಗೆ ಜಾಗ ಸಾಲದಾದಾಗ ಮೇಲಕ್ಕೇರುತ್ತವೆ.

ಚದರ ಮೀಟರಿಗೆ 200 ಕಿಲೋ ಎಂದರೆ ಚದರ ಫೂಟಿಗೆ ಸುಮಾರು 19 ಕಿಲೋ. 50 ಕಿಲೋದ ಒಂದು ಸಿಮೆಂಟ್ ಚೀಲವು ಸುಮಾರು ಮೂರು ಚದರ ಫೂಟು ಜಾಗ ಹಿಡಿಯುತ್ತದೆ. ಒಂದು ಪದರ ಚೀಲ ಹಾಸಿದರೆ ಚದರ ಫೂಟಿಗೆ 16–17 ಕಿಲೋ. ಎರಡನೆಯ ಪದರ ಏರಿಸಿದ ಕೂಡಲೇ ವಾಸದ ಕೋಣೆಯ ಮಿತಿ ದಾಟಿತು. ಈ ಕಾರಣದಿಂದಲೇ ಸಂಹಿತೆಯು ಚಿಲ್ಲರೆ ಅಂಗಡಿಗೆ ವಾಸದ ಕೋಣೆಯ ಎರಡರಷ್ಟು, ಅಂದರೆ 4 ಕಿಲೋನ್ಯೂಟನ್ನಿನ ಭಾರವನ್ನೂ, ಸಾಮಾನ್ಯ ಗೋದಾಮಿಗೆ ಕನಿಷ್ಠ 7.5 ಕಿಲೋನ್ಯೂಟನ್ನಿನ ಭಾರವನ್ನೂ ಗೊತ್ತುಪಡಿಸಿದೆ.

ಮೇಲಿನ ಉದಾಹರಣೆಯ ನೆಲಕ್ಕೆ ಚಿಲ್ಲರೆ ಅಂಗಡಿಯ ಭಾರ ಬಿದ್ದರೆ ಗರ್ಡರ್‌ನ ಒತ್ತಡ 184ಕ್ಕೆ ಏರಿ 165ರ ಮಿತಿಯನ್ನು ಮೀರುತ್ತದೆ. ಗೋದಾಮಿನ ಭಾರ ಬಿದ್ದರೆ ಅದು 277 ಆಗುತ್ತದೆ. ಸಾಮಾನ್ಯ ಉಕ್ಕು 250ರಲ್ಲಿ ಇಳುವರಿ ಕೊಡುತ್ತದೆ, ಅಂದರೆ ಬಾಗಿದ್ದು ಮರಳಿ ನೆಟ್ಟಗಾಗುವುದಿಲ್ಲ. ಇಲ್ಲೊಂದು ವಿಪರ್ಯಾಸವಿದೆ. ಹೀಗೆ ತುಂಬಿದ ಕೋಣೆಯಲ್ಲಿ ನಡೆಯಲು ಜಾಗವೇ ಇರುವುದಿಲ್ಲವಾದ್ದರಿಂದ ಕುಲುಕಾಟದ ಅರಿವೂ ಇರುವುದಿಲ್ಲ. ದೂರು ನಿಂತಿತೆಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಗರ್ಡರ್ ತನ್ನ ಶಕ್ತಿಯ ಅಂಚಿಗೆ ಬಂದಿರುತ್ತದೆ. ನೆರೆಯವರ ಭಯ ನಿಜವಾಗುವುದು ಇಲ್ಲಿ.

ಯಂತ್ರಗಳದು ಬೇರೆ ಕಥೆ. ಸಾದಾ ವಿದ್ಯುತ್ ಮಗ್ಗವು ನಿಮಿಷಕ್ಕೆ 150 ಬಾರಿ ಹೊಡೆದರೆ ಅದು ಸೆಕೆಂಡಿಗೆ 2.5. ಅದರ ಇಮ್ಮಡಿ 5. ಉದಾಹರಣೆಯ ನೆಲದ ಕಂಪನ ಸಂಖ್ಯೆಗೆ ತೀರ ಹತ್ತಿರ. ನಡೆಯುವವನು ಕೋಣೆ ದಾಟಿ ಹೋಗುತ್ತಾನೆ, ಮಗ್ಗವು ಹತ್ತು ಗಂಟೆ ಅಲ್ಲಿಯೇ ಹೊಡೆಯುತ್ತದೆ. ಯಂತ್ರವನ್ನು ನೆಲಮಟ್ಟದಲ್ಲಿ ಇಡುವುದೇ ಸರಿ. ಹೊಲಿಗೆ ಯಂತ್ರ, ಸಣ್ಣ ಪ್ಯಾಕಿಂಗ್ ಯಂತ್ರ ಮುಂತಾದವನ್ನು ಮೇಲೆಯೇ ಇಡಬೇಕಾದರೆ ನಡುಮಧ್ಯದಲ್ಲಿ ಇಡದೆ ಗರ್ಡರ್ ಗೋಡೆಗೆ ಸೇರುವ ಕಡೆಯಲ್ಲಿ ಇಡತಕ್ಕದ್ದು.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಕುಲುಕುವುದು ಗರ್ಡರೋ, ಅದರ ಮೇಲಿನ ಫರಸಿಯೋ ಎಂಬುದನ್ನು ಮೊಟ್ಟಮೊದಲು ತಿಳಿಯಬೇಕು. ಫರಸಿಯ ಅಂಚಿನ ಗಾರೆ ಉದುರಿ ಕಲ್ಲು ಗರ್ಡರ್ ಮೇಲೆ ಸಡಿಲಾಗಿ ಕುಳಿತಿದ್ದರೆ ಪ್ರತಿ ಹೆಜ್ಜೆಗೂ ಕಟಕಟ ಸದ್ದು ಬರುತ್ತದೆ. ಒಬ್ಬರು ಮೇಲೆ ನಡೆಯುವಾಗ ಇನ್ನೊಬ್ಬರು ಕೆಳಗಿನಿಂದ ಫರಸಿ ಮತ್ತು ಗರ್ಡರ್ ಕೂಡುವ ಸಂದಿಗೆ ಬೆರಳಿಟ್ಟರೆ ಇದು ಗೊತ್ತಾಗುತ್ತದೆ. ಸಂದಿಯಲ್ಲಿ ಅಲುಗಾಟ ಕಂಡರೆ ಸಂದಿ ಬಿಡಿಸಿ, ಧೂಳು ತೆಗೆದು, ನೀರು ಕುಡಿಸಿ, ಸಿಮೆಂಟ್ ಗಾರೆಯನ್ನು ಒತ್ತಿ ತುಂಬಿದರೆ ಕೆಲಸ ಮುಗಿಯಿತು.

ಗರ್ಡರ್ ಬಾಗುತ್ತಿದ್ದರೆ ಅದನ್ನು ಅಳೆಯುವುದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಗರ್ಡರ್‌ನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾದ ದಾರ ಕಟ್ಟಿ, ನಡುಮಧ್ಯೆ ಗರ್ಡರ್‌ಗೂ ದಾರಕ್ಕೂ ಇರುವ ಅಂತರವನ್ನು ಉಕ್ಕಿನ ಅಳತೆಪಟ್ಟಿಯಿಂದ ಬರೆದಿಟ್ಟುಕೊಳ್ಳಬೇಕು. ಮೇಲ್ಗಡೆ ಸರಿಯಾಗಿ ಆ ಗರ್ಡರ್‌ನ ನಡುವಿಗೆ 50 ಕಿಲೋದ ಎರಡು ಚೀಲ ಇಟ್ಟು ಮತ್ತೆ ಅಳೆಯಬೇಕು. ಉದಾಹರಣೆಯ ಗರ್ಡರ್ ಒಂಟಿಯಾಗಿಯೇ ಆ ಭಾರ ಹೊತ್ತರೂ 1.6 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು. ಫರಸಿಯ ಮೂಲಕ ಪಕ್ಕದ ಗರ್ಡರ್‌ಗಳೂ ಸ್ವಲ್ಪ ಪಾಲು ಹೊರುವುದರಿಂದ ನಿಜವಾಗಿ ಇನ್ನೂ ಕಡಿಮೆಯೇ ಇಳಿಯುತ್ತದೆ. ಲೆಕ್ಕಕ್ಕಿಂತ ಹೆಚ್ಚು ಇಳಿದರೆ ಗರ್ಡರ್ ತುಕ್ಕು ತಿಂದು ತೆಳುವಾಗಿದೆ, ಅಥವಾ ಗೋಡೆಯಲ್ಲಿ ಅದರ ಕುಳಿ ಸಡಿಲಾಗಿದೆ, ಇಲ್ಲವೇ ಮಾಲೇ ಕಡಿಮೆ ತೂಕದ್ದಾಗಿದೆ ಎಂದು ತಿಳಿಯಬೇಕು. ಮಿಲಿಮೀಟರಿನ ಈ ಪರೀಕ್ಷೆಗೆ ಡಯಲ್ ಗೇಜ್ ದೊರೆತರೆ ಉತ್ತಮ. ಲೇತ್ ಇರುವ ಯಾವ ಕಾರ್ಖಾನೆಯಲ್ಲಾದರೂ ಅದು ಇರುತ್ತದೆ.

ತೂಕದ ಮಾತು ವರ್ತಕರಿಗೆ ಹೊಸದಲ್ಲ. ಐ.ಎಸ್.ಎಂ.ಬಿ. 150 ಗರ್ಡರ್ ಮೀಟರಿಗೆ ಸುಮಾರು 15 ಕಿಲೋ ತೂಗಬೇಕು. ಐದು ಮೀಟರಿನ ತುಂಡು ಸುಮಾರು 75 ಕಿಲೋ. “ಆರಿಂಚಿನ ಗರ್ಡರ್” ಎಂದು ಆಳವನ್ನು ಮಾತ್ರ ಹೇಳಿ ತೆಳು ತಗಡಿನ ಮಾಲು ಕೊಡುವುದು ಪೇಟೆಯಲ್ಲಿ ಇಲ್ಲದ್ದಲ್ಲ. ಬಂಗಾರವನ್ನು ತೂಗಿ ಕೊಳ್ಳುವವರು ಮನೆ ಹೊರುವ ಗರ್ಡರನ್ನೂ ತೂಗಿ ಕೊಳ್ಳಬಹುದು.

ಇಳಿಜಾರಾದ ನೆಲವನ್ನು ಕುಲುಕುವ ನೆಲದೊಡನೆ ಗೊಂದಲಿಸಬಾರದು. ಹಳೆಯ ಗೋಡೆ ಇಳಿಯುವಷ್ಟು ಇಳಿದು ಸ್ಥಿರವಾಗಿರುತ್ತದೆ. ಹೊಸ ಗೋಡೆ ಎರೆಮಣ್ಣಿನ ಮೇಲೆ ನಿಂತಿದ್ದರೆ ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತಿರುತ್ತದೆ. ಎರಡೂ ಸೇರುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಕಂಡರೆ ದೋಷವಿರುವುದು ಪಾಯದಲ್ಲಿ. ಅಲ್ಲದೆ 2019ರ ಆಗಸ್ಟ್ ತಿಂಗಳ ಘಟಪ್ರಭೆಯ ಮಹಾಪೂರದಲ್ಲಿ ನೀರು ನಿಂತಿದ್ದ ಮಣ್ಣುಗಾರೆಯ ಕಲ್ಲುಗೋಡೆಗಳು ಒಳಗೆ ಟೊಳ್ಳಾಗಿರುವ ಸಾಧ್ಯತೆ ಇದೆ. ಅಂತಹ ಗೋಡೆಯನ್ನು ಸುತ್ತಿಗೆಯಿಂದ ತಟ್ಟಿ ನೋಡದೆ ಅದರ ಮೇಲೆ ಹೊಸ ಭಾರ ಹೊರಿಸಬಾರದು.

ದುರಸ್ತಿಯ ದಾರಿಗಳು

ಬಹಳ ಜನ ಮೊದಲು ಮಾಡುವ ಕೆಲಸವೆಂದರೆ ಮೇಲೆ ಎರಡಂಗುಲ ಕಾಂಕ್ರೀಟ್ ಸುರಿಯುವುದು. “ಭಾರ ಬಿದ್ದರೆ ಕುಲುಕುವುದಿಲ್ಲ” ಎಂಬ ನಂಬಿಕೆ ಇದಕ್ಕೆ ಮೂಲ. ಉದಾಹರಣೆಯ ಕೋಣೆಗೆ 50 ಮಿ.ಮೀ. ಕಾಂಕ್ರೀಟ್ ಎಂದರೆ ಎರಡು ಟನ್ನಿಗೂ ಮೀರಿದ ಹೊಸ ಭಾರ. ಗರ್ಡರ್‌ಗೆ ಬೆಸೆದುಕೊಳ್ಳದ ಈ ಪದರವು ಬಿಗಿತವನ್ನು ಕೊಡುವುದಿಲ್ಲ. ಬಾಗು 12ರಿಂದ 17 ಮಿ.ಮೀ.ಗೆ ಏರಿ, ಕಂಪನ ಸಂಖ್ಯೆ 5.1ರಿಂದ 4.3ಕ್ಕೆ ಇಳಿಯುತ್ತದೆ. ವಾಸದ ಭಾರ ಸೇರಿದಾಗ ಒತ್ತಡ 162. ಅಂದರೆ ಇದ್ದ ಬಲದ ಉಳಿತಾಯವೆಲ್ಲ ಕಾಂಕ್ರೀಟಿಗೆ ಸಂದಾಯವಾಯಿತು. ಹಣ ಕೊಟ್ಟು ಕೊಂಡ ದೋಷ ಎಂದರೆ ಇದೇ.

ಗರ್ಡರ್‌ನ ಕೆಳಗಿನ ಪಟ್ಟಿಗೆ 100 x 10 ಮಿ.ಮೀ. ಉಕ್ಕಿನ ಪಟ್ಟಿಯನ್ನು ಬೆಸುಗೆ ಹಾಕುವುದು ಇನ್ನೊಂದು ದಾರಿ. ಇದರಿಂದ ಬಿಗಿತ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚುತ್ತದೆ, ಕಂಪನ ಸಂಖ್ಯೆ 6.4ರ ಆಸುಪಾಸಿಗೆ ಬರುತ್ತದೆ. ಪ್ರತಿ ಎರಡು ಗರ್ಡರ್‌ಗಳ ನಡುವೆ ಮತ್ತೊಂದನ್ನು ಸೇರಿಸಿದರೆ ಸುಮಾರು 7. ಸುಧಾರಣೆ ಉಂಟು, ಸಮಾಧಾನವಿಲ್ಲ.

ಹರವನ್ನೇ ಅರ್ಧ ಮಾಡುವುದು ಎಲ್ಲಕ್ಕಿಂತ ಫಲಕಾರಿ. ಗರ್ಡರ್‌ಗಳ ನಡುಮಧ್ಯದ ಕೆಳಗೆ, ಅವುಗಳಿಗೆ ಅಡ್ಡಲಾಗಿ 3.6 ಮೀಟರ್ ಹರವಿನ ಒಂದು ತೊಲೆಯನ್ನು ಕೊಟ್ಟು, ಎರಡೂ ಬದಿಯ ಗೋಡೆಗಳಿಗೆ ಒತ್ತಿ ನಿಲ್ಲಿಸಿದ ಎರಡು ಉಕ್ಕಿನ ಕಂಬಗಳ ಮೇಲೆ ಅದನ್ನು ಕೂಡಿಸಬೇಕು. ಅಂಗಡಿಯ ನಡುವೆ ಕಂಬ ಬರುವುದಿಲ್ಲ. ದುರ್ಬಲವಾದ ಅಡ್ಡಗೋಡೆಯ ಮೇಲೂ ನೆರೆಯವರ ಗೋಡೆಯ ಮೇಲೂ ಭಾರ ಬೀಳುವುದಿಲ್ಲ. ಆದರೆ ಈ ಅಡ್ಡತೊಲೆಯೇ ಬಿಗಿಯಾಗಿರಬೇಕೆಂಬುದನ್ನು ಮರೆಯಬಾರದು. ಎಂಟಂಗುಲದ ಐ.ಎಸ್.ಎಂ.ಬಿ. 200 ಹಾಕಿದರೆ ಬಲ ಸಾಕಾಗುತ್ತದೆ, ಆದರೆ ಅದು ತಾನೇ ನಾಲ್ಕು ಮಿ.ಮೀ.ಗಿಂತ ಹೆಚ್ಚು ಬಾಗುವುದರಿಂದ ಕಂಪನ ಸಂಖ್ಯೆ 8ರ ಗಡಿಯನ್ನು ಕಷ್ಟದಿಂದ ದಾಟುತ್ತದೆ. ಹತ್ತಂಗುಲದ ಐ.ಎಸ್.ಎಂ.ಬಿ. 250 ಹಾಕಿದರೆ 11ರಿಂದ 12ರವರೆಗೆ ಏರುತ್ತದೆ. ನಾಲ್ಕು ಮೀಟರಿನ ಆ ತೊಲೆಯ ತೂಕ ಸುಮಾರು 150 ಕಿಲೋ, ಕಂಬಗಳದ್ದು 80–85 ಕಿಲೋ. ನಡುವೆ ನಾಲ್ಕು ಹೊಸ ಗರ್ಡರ್ ಸೇರಿಸುವ ದಾರಿಗೆ 300 ಕಿಲೋ ಉಕ್ಕು ಬೇಕಾಗುತ್ತದೆ. ಆ ದಿನದ ಉಕ್ಕಿನ ದರದಿಂದ ಗುಣಿಸಿ ನೋಡಿದರೆ ಯಾವುದು ಲಾಭ ಎಂಬುದನ್ನು ವರ್ತಕರಿಗೆ ಬೇರೆ ಹೇಳಬೇಕಿಲ್ಲ. ಅಂಗಡಿಯ ಎತ್ತರದಲ್ಲಿ ಹತ್ತಂಗುಲ ಕಡಿಮೆಯಾಗುವುದೊಂದೇ ಬಾಧೆ. ಕೆಳಗಿನ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳ್ಳೆಯದು. ಉಕ್ಕು ತಂದಿಳಿಸಿದ ಮೇಲೆ ಆರಂಭವಾಗುವ ಜಗಳಕ್ಕೆ ಸಂಹಿತೆಯಲ್ಲಿ ಪರಿಹಾರವಿಲ್ಲ.

ಈ ಕೆಲಸದಲ್ಲಿ ಎರಡು ಕಡೆ ತಪ್ಪಾಗುತ್ತದೆ. ಒಂದು, ಕಂಬದ ಬುಡ. ವಾಸದ ಭಾರಕ್ಕೆ ಲೆಕ್ಕ ಹಾಕಿದರೂ ಪ್ರತಿ ಕಂಬದ ಮೇಲೆ ಎರಡೂವರೆ ಟನ್ನಿಗಿಂತ ಹೆಚ್ಚು ಭಾರ ಇಳಿಯುತ್ತದೆ. ಅಂಗಡಿಯ ಫರಸಿಯ ಮೇಲೆ ಒಂದು ತಗಡನ್ನಿಟ್ಟು ಕಂಬ ನಿಲ್ಲಿಸಿದರೆ ಮೊದಲ ಮಳೆಗಾಲದಲ್ಲಿಯೇ ಅದು ಕುಸಿಯುತ್ತದೆ. ಎರೆಮಣ್ಣನ್ನು ದಾಟಿ ಗಟ್ಟಿ ಮುರುಮು ಸಿಗುವವರೆಗೆ ಅಗೆದು ಕಾಂಕ್ರೀಟ್ ಪಾಯ ಕೊಡಬೇಕು. ಅಗೆಯುವಾಗ ಪಕ್ಕದ ಗೋಡೆಯ ಪಾಯ ಬಿಡಿಬಿಡಿಯಾಗದಂತೆ ಒಂದು ಕಂಬದ ಗುಂಡಿ ತುಂಬಿದ ಮೇಲೆ ಮತ್ತೊಂದನ್ನು ತೆಗೆಯತಕ್ಕದ್ದು. ಎರಡು, ತೊಲೆ ಮತ್ತು ಗರ್ಡರ್‌ಗಳ ನಡುವಣ ಸಂದಿ. ಹೊಸ ತೊಲೆಯನ್ನು ಮುಟ್ಟಿಯೂ ಮುಟ್ಟದಂತೆ ಕೂಡಿಸಿದರೆ ಅದು ಅಲಂಕಾರ ಮಾತ್ರ. ತೊಲೆಯನ್ನು ಜಾಕ್‌ನಿಂದ ಎರಡು ಮೂರು ಮಿ.ಮೀ. ಮೇಲಕ್ಕೊತ್ತಿ, ಪ್ರತಿ ಗರ್ಡರ್ ಅಡಿಯಲ್ಲಿಯೂ ಉಕ್ಕಿನ ಚಪ್ಪೆಗಳನ್ನು ಬಿಗಿಯಾಗಿ ತುರುಕಿ ಬೆಸುಗೆ ಹಾಕಬೇಕು. ಮರದ ಬೆಣೆ ಒಣಗಿ ಸಡಿಲಾಗುತ್ತದೆ. ಹಾಗೆಂದು ವರ್ಷಗಳಿಂದ ಬಾಗಿರುವ ಗರ್ಡರನ್ನು ಪೂರ್ತಿ ನೆಟ್ಟಗೆ ಮಾಡುವ ಹಟಕ್ಕೆ ಹೋದರೆ ಮೇಲಿನ ಫರಸಿಗಳು ಸೀಳುತ್ತವೆ.

ಕೆಲಸದ ದಿನ ಮೇಲಿನ ಕೋಣೆ ಬರಿದಾಗಿರಬೇಕು. ಭಾರ ಹೊತ್ತಿರುವ ಗರ್ಡರ್‌ಗೆ ಊರೆ ಕೊಡದೆ ಬೆಸುಗೆ ಹಾಕುವುದು ಅಪಾಯಕಾರಿ. ಕೆಂಪಗೆ ಕಾದ ಉಕ್ಕಿಗೆ ಬಲವಿರುವುದಿಲ್ಲ. ಬಟ್ಟೆ, ಗೋಣಿ, ಬಣ್ಣದ ಮಾಲಿರುವ ಅಂಗಡಿಯಲ್ಲಿ ಬೆಸುಗೆಯ ಕಿಡಿಯ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮರದ ಮಾಳಿಗೆ

ಹಳೆಯ ಮನೆಯ ಮರದ ಮಾಳಿಗೆಯಲ್ಲಿ ಜಂತಿಯ ತುದಿಯನ್ನು ಮೊದಲು ನೋಡಬೇಕು. ನಡುವೆ ಕಬ್ಬಿಣದಂತಿರುವ ಸಾಗವಾನಿ ಜಂತಿಯೂ ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ತೇವದಿಂದ ಕೊಳೆತಿರಬಹುದು. ಚೂಪಾದ ಉಳಿಯಿಂದ ಚುಚ್ಚಿದಾಗ ಸುಲಭವಾಗಿ ಹೊಕ್ಕರೆ ಆ ಜಂತಿಗೆ ಗೋಡೆಯ ಪಕ್ಕದಲ್ಲಿಯೇ ಬೇರೆ ಆಧಾರ ಕೊಡುವುದು ಅಗತ್ಯ. ತುದಿ ಗಟ್ಟಿಯಿದ್ದು ನೆಲ ಮಾತ್ರ ಕುಲುಕುತ್ತಿದ್ದರೆ ಜಂತಿಯ ಮಗ್ಗುಲಿಗೆ ಉಕ್ಕಿನ ಚಾನೆಲ್ ಸೇರಿಸಿ ಬೋಲ್ಟ್ ಹಾಕುವುದು ಉತ್ತಮ ಉಪಾಯ. 100 x 150 ಮಿ.ಮೀ. ಅಳತೆಯ ಜಂತಿಗೆ ಒಂದು ಐ.ಎಸ್.ಎಂ.ಸಿ. 125 ಚಾನೆಲ್ ಸೇರಿಸಿದರೆ ಒಟ್ಟು ಬಿಗಿತ ಸುಮಾರು ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಆ ಚಾನೆಲ್ ಒಂದೇ ಮೂರು ಜಂತಿಗಳಿಗೆ ಸಮ. ಚಾನೆಲ್‌ನ ಎರಡೂ ತುದಿಗಳು ಗೋಡೆಯ ಮೇಲೆ ಕುಳಿತಿರಬೇಕು. ಜಂತಿಗಳ ನಡುವೆ ಅಡ್ಡಪಟ್ಟಿಗಳನ್ನು ಬಿಗಿಯಾಗಿ ಬಡಿಯುವುದರಿಂದಲೂ ಲಾಭವಿದೆ; ಒಂದು ಜಂತಿಯ ಮೇಲೆ ಬಿದ್ದ ಹೆಜ್ಜೆಯ ಪೆಟ್ಟನ್ನು ಅಕ್ಕಪಕ್ಕದವು ಹಂಚಿಕೊಳ್ಳುತ್ತವೆ.

ಆರ್.ಸಿ.ಸಿ. ಚಪ್ಪಡಿ ಕುಲುಕಿದರೆ

ಗರ್ಡರ್ ಮತ್ತು ಮರದ ನೆಲಗಳು ಕುಲುಕುವುದು ಸಹಜ. ಆರ್.ಸಿ.ಸಿ. ಚಪ್ಪಡಿ ಹೆಜ್ಜೆಗೆ ಕುಲುಕಿದರೆ ಮಾತ್ರ ಎಚ್ಚರಗೊಳ್ಳಬೇಕು. ಎರಡು ಬದಿಗೆ ಆಧಾರವಿರುವ ಚಪ್ಪಡಿಗೆ 2000ದ ಐ.ಎಸ್. 456 ಹೇಳುವ ಮೂಲ ಪ್ರಮಾಣವೆಂದರೆ ಹರವು ಪರಿಣಾಮಕಾರಿ ಆಳದ 20 ಪಟ್ಟನ್ನು ಮೀರಬಾರದು. ಕಂಬಿಯ ಪ್ರಮಾಣವನ್ನು ನೋಡಿ ಇದನ್ನು ಸ್ವಲ್ಪ ಸಡಿಲಿಸಲು ಅವಕಾಶವಿದೆ. ನಾಲ್ಕು ಮೀಟರ್ ಹರವಿಗೆ ನಾಲ್ಕಂಗುಲದ ಚಪ್ಪಡಿ ಹಾಕಿದರೆ ಈ ಪ್ರಮಾಣ 50ರ ಹತ್ತಿರ ಹೋಗುತ್ತದೆ. ಕುಲುಕಾಟದ ಜೊತೆಗೆ ಕೆಳಗಡೆ ಬಿರುಕು, ತುಕ್ಕಿನ ಕಲೆ, ಉದುರಿದ ಗಿಲಾವು ಕಂಡರೆ ಮೇಲಿನ ಮಾಲನ್ನು ಅಂದೇ ಇಳಿಸಿ, ಊರೆ ಕೊಟ್ಟು, ನೋಂದಾಯಿತ ಎಂಜಿನಿಯರ್ ಅವರನ್ನು ಕರೆಯಿಸತಕ್ಕದ್ದು.

ಗರ್ಡರ್‌ಗೆ ಹೇಳಿದ ನಡುತೊಲೆಯ ಉಪಾಯವನ್ನು ಚಪ್ಪಡಿಗೆ ಹಾಗೆಯೇ ಬಳಸುವಂತಿಲ್ಲ. ಗರ್ಡರ್ ಮೇಲೂ ಕೆಳಗೂ ಸಮಾನ ಉಕ್ಕುಳ್ಳದ್ದು. ಚಪ್ಪಡಿಯಲ್ಲಿ ಕಂಬಿ ಇರುವುದು ನಡುಭಾಗದ ಅಡಿಯಲ್ಲಿ. ನಡುವೆ ಆಧಾರ ಕೊಟ್ಟ ಕೂಡಲೇ ಎಳೆತವು ಅಲ್ಲಿ ಮೇಲ್ಮೈಗೆ ಬರುತ್ತದೆ, ಅಲ್ಲಿ ಕಂಬಿ ಇಲ್ಲ. ಆಧಾರದ ನೇರಕ್ಕೆ ಮೇಲೆ ಬಿರುಕು ಮೂಡುತ್ತದೆ. ಹೊರಚಾಚಿದ ಬಾಲ್ಕನಿಯದು ಇದಕ್ಕೆ ತಿರುವುಮುರುವು: ಅಲ್ಲಿ ಕಂಬಿ ಮೇಲಿರಬೇಕು. ಕಾಂಕ್ರೀಟ್ ಸುರಿಯುವ ದಿನ ಆಳುಗಳು ಕಂಬಿಯ ಮೇಲೆ ಓಡಾಡಿ ಅದನ್ನು ತಳಕ್ಕೆ ತುಳಿದಿದ್ದರೆ ಬಾಲ್ಕನಿಯ ಬಲವೇ ಹೋದಂತೆ. ಕುಲುಕುವ ಬಾಲ್ಕನಿಯಲ್ಲಿ ನೀರಿನ ಟಾಕಿಯನ್ನಾಗಲಿ ಮಾಲನ್ನಾಗಲಿ ಇಡಬಾರದು.

ಕಂಬ, ತೊಲೆ ಸೇರಿಸುವಂತಹ ಮಾರ್ಪಾಡಿಗೆ ಎಂಜಿನಿಯರ್ ಅವರ ನಕ್ಷೆಯೊಡನೆ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮ. ನಕ್ಷೆಯ ಮೇಲೆ ಆ ನೆಲವು ಚದರ ಮೀಟರಿಗೆ ಎಷ್ಟು ಕಿಲೋ ಹೊರಬಲ್ಲದು ಎಂಬ ಅಂಕಿಯನ್ನು ಕೇಳಿ ಬರೆಸಿಕೊಳ್ಳಬೇಕು. ಆ ಅಂಕಿಯನ್ನು ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ, ಚೀಲ ಹೊತ್ತು ಮೇಲೇರುವ ಹಮಾಲರಿಗೂ ಕಾಣುವಂತೆ ದೊಡ್ಡ ಅಕ್ಷರಗಳಲ್ಲಿ ಬಣ್ಣದಿಂದ ಬರೆಯಿಸಿಡಬೇಕು.